ಮಗಳ ಕ್ಯಾಂಪಸ್ ರೇಡಿಯೋ ಕಾರ್ಯಕ್ರಮ: ಬರೀ ಐರಿಷ್ ಹಾಡು, ಜೊತೆಗೆ ಚಾರಿಟಿ. ಹೀಗೆ ಮಾಡಿದವರು ಯಾರಿದ್ದಾರೆ?

ಗಾಲ್ವೇ_ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಈಗ ಐರ್ಲೆಂಡಿನ ಗಾಲ್ವೇಯಲ್ಲಿದ್ದೇವೆ. ಮಗಳು ಇಲ್ಲೇ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಕ್ಯಾಂಪಸ್ ರೇಡಿಯೋದಲ್ಲಿ ವಾರಕ್ಕೆ ಒಂದು ಗಂಟೆ ಕಾರ್ಯಕ್ರಮ ಮಾಡುವ ಅವಕಾಶ ಅವಳಿಗೆ ಸಿಕ್ಕಿದೆ. ಆ ಒಂದು ಗಂಟೆ ಪೂರ್ತಿ ಐರ್ಲೆಂಡಿನವರ ಹಾಡುಗಳನ್ನೇ ಹಾಕುತ್ತೇನೆ, ಅದರಲ್ಲೂ ಹೊಸಬರದ್ದು ಜಾಸ್ತಿ ಇರಬೇಕು ಅಂತ ಪಟ್ಟು ಹಿಡಿದಿದ್ದಾಳೆ. ಕ್ರಿಸ್‌ಮಸ್‌ಗೆ ಮುಂಚೆ ಒಂದು ವಿಶೇಷ ಕಾರ್ಯಕ್ರಮ ಮಾಡಿ, ಮನೆ ಇಲ್ಲದವರಿಗೆ ನೆರವಾಗುವ ಸಂಸ್ಥೆಗೆ ದುಡ್ಡು ಸೇರಿಸಬೇಕು ಅಂತಲೂ ಆಸೆ.

ನನಗೆ ಖುಷಿಯೇ. ಆದರೆ ಇಲ್ಲಿನ ರೇಡಿಯೋ ಲೋಕ ನನಗೆ ಗೊತ್ತಿಲ್ಲ. ಒಬ್ಬ ಸ್ನೇಹಿತರು "ಹೆಸರೇ ಕೇಳದವರ ಹಾಡು ಹಾಕಿದರೆ ಯಾರು ಕೇಳ್ತಾರೆ? ಎರಡು ನಿಮಿಷದಲ್ಲಿ ಬೇರೆ ಸ್ಟೇಷನ್‌ಗೆ ಹೋಗ್ತಾರೆ" ಅಂದರು. ನನ್ನ ಹೆಂಡತಿಯ ಚಿಂತೆ ಬೇರೆ. ನಮ್ಮ ಹುಡುಗಿ ಕೂತು ಐರಿಷ್ ಸಂಗೀತದ ಬಗ್ಗೆ ಮಾತಾಡಿದರೆ ಇಲ್ಲಿನವರು ಒಪ್ಪುತ್ತಾರಾ ಅಂತ. ನಾಲ್ಕು ವರ್ಷದವಳಿದ್ದಾಗ ಬಂದವಳು, ಅವಳಿಗೆ ಇದೇ ಊರು. ಆದರೂ ತಾಯಿಯ ಮನಸ್ಸು.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಈ ಎರಡೂ ಕೆಲಸ ಮಾಡಿದವರು ಇಲ್ಲಿ ಇದ್ದಾರಾ? ಗೊತ್ತಿದ್ದವರು ಸ್ವಲ್ಪ ವಿವರವಾಗಿ ಬರೆಯಿರಿ. ಅವಳಿಗೇ ಓದಿ ಹೇಳುತ್ತೇನೆ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

ರಾತ್ರಿಪಾಳಿ_ಡಬ್ಲಿನ್

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ನರ್ಸ್. 2002ರಲ್ಲಿ ಡಬ್ಲಿನ್‌ಗೆ ಬಂದೆ. ಬಂದ ಹೊಸದರಲ್ಲಿ ಈ ಊರನ್ನು ನನಗೆ ಪರಿಚಯ ಮಾಡಿಸಿದ್ದೇ ರೇಡಿಯೋ. ಸಂಜೆ ಡ್ಯೂಟಿಗೆ ಹೋಗುವಾಗ ಟುಡೇ ಎಫ್‌ಎಂನಲ್ಲಿ ಟಾಮ್ ಡನ್ ಅವರ ಕಾರ್ಯಕ್ರಮ ಬರುತ್ತಿತ್ತು. ಅವರು ಸ್ವತಃ ಒಂದು ಡಬ್ಲಿನ್ ಬ್ಯಾಂಡಿನ ಗಾಯಕರು. ಇಲ್ಲಿನ ಹುಡುಗರ ಹಾಡುಗಳನ್ನು ಹಾಕುವಾಗ ಅವರ ದನಿಯಲ್ಲಿ ಒಂದು ಕಾಳಜಿ ಇರುತ್ತಿತ್ತು. ಕಾರಿನಲ್ಲಿ ಒಬ್ಬಳೇ ಕೂತು ಕೇಳುತ್ತಾ, ಈ ಊರಲ್ಲಿ ಇಷ್ಟೆಲ್ಲ ಹಾಡುವವರಿದ್ದಾರಾ ಅಂತ ಬೆರಗಾಗುತ್ತಿದ್ದೆ.

ನಿಮ್ಮ ಮಗಳು ಮೊದಲು ತಿಳಿದುಕೊಳ್ಳಬೇಕಾದ ಹೆಸರು ಡೇವ್ ಫ್ಯಾನಿಂಗ್. ಈಗ ಅವರು ಹಿರಿಯರು, ಆದರೆ ನಾನು ಹೇಳುವುದು 1979ರ ಫ್ಯಾನಿಂಗ್ ಬಗ್ಗೆ. ಆಗ ಇಪ್ಪತ್ತರ ಹರೆಯ. ಆ ಕಾಲಕ್ಕೆ ಐರ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಇದ್ದದ್ದು ಸರ್ಕಾರಿ ಆರ್‌ಟಿಇ ಒಂದೇ. ಹುಡುಗರಿಗೆ ಬೇಕಾದ ಹಾಡು ಅಲ್ಲಿ ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾಗಿ ಲೈಸೆನ್ಸ್ ಇಲ್ಲದ ಪೈರೇಟ್ ಸ್ಟೇಷನ್‌ಗಳು ಹುಟ್ಟಿಕೊಂಡಿದ್ದವು. ಫ್ಯಾನಿಂಗ್ ಪಳಗಿದ್ದು ಅಂಥ ಕಡೆ, ರೇಡಿಯೋ ಡಬ್ಲಿನ್ ಮತ್ತು ಬಿಗ್ ಡಿ ಅನ್ನುವ ಸ್ಟೇಷನ್‌ಗಳಲ್ಲಿ. ಈ ಪೈರೇಟ್‌ಗಳಿಗೆ ಉತ್ತರ ಕೊಡಬೇಕು ಅಂತ ಆರ್‌ಟಿಇ 1979ರ ಮೇ 31ರಂದು ರೇಡಿಯೋ 2 ಶುರು ಮಾಡಿತು. ಈಗಿನ 2ಎಫ್‌ಎಂ ಅದೇ. ಅವತ್ತು ಮೊದಲ ಹಾಡು ಹಾಕಿದವರು ಲ್ಯಾರಿ ಗೋಗನ್. ಹಾಕಿದ್ದು ಯಾರ ಹಾಡು ಗೊತ್ತಾ? ಬೂಮ್‌ಟೌನ್ ರ‍್ಯಾಟ್ಸ್ ಅವರದ್ದು, ಡಬ್ಲಿನ್ ಹತ್ತಿರದ ಹುಡುಗರದ್ದು. ಲ್ಯಾರಿ 2020ರಲ್ಲಿ ತೀರಿಕೊಂಡರು. ತಮ್ಮ ಕೊನೆಯ ವರ್ಷಗಳವರೆಗೂ ಇಲ್ಲಿನವರ ಹಾಡಿಗೆ ಜಾಗ ಬಿಡುತ್ತಿದ್ದ ಮನುಷ್ಯ.

ಫ್ಯಾನಿಂಗ್‌ಗೆ ಸಿಕ್ಕಿದ್ದು ರಾತ್ರಿಯ ರಾಕ್ ಕಾರ್ಯಕ್ರಮ. ಆ ಹೊತ್ತಿನಲ್ಲಿ ಅವರು ಏನು ಮಾಡಿದರು ಅನ್ನೋದು ಮುಖ್ಯ. ಆಗ ರೆಕಾರ್ಡ್ ಕಂಪನಿಗಳ ದೊಡ್ಡ ಆಫೀಸುಗಳೆಲ್ಲ ಲಂಡನ್‌ನಲ್ಲಿ. ಡಬ್ಲಿನ್, ಕಾರ್ಕ್, ಲಿಮರಿಕ್‌ನ ಹುಡುಗರ ಹತ್ತಿರ ಇದ್ದದ್ದು ಮನೆಯಲ್ಲಿ, ಗ್ಯಾರೇಜಿನಲ್ಲಿ ಮಾಡಿದ ಡೆಮೊ ಕ್ಯಾಸೆಟ್. ಅದನ್ನು ತೆಗೆದುಕೊಂಡು ಹಡಗು ಹತ್ತಿ ಹೋಗಬೇಕು, ಅಲ್ಲಿ ಯಾರದೋ ಬಾಗಿಲು ತಟ್ಟಬೇಕು. ಫ್ಯಾನಿಂಗ್ ಮತ್ತು ಪ್ರೊಡ್ಯೂಸರ್ ಇಯಾನ್ ವಿಲ್ಸನ್ ಸೇರಿ ಆ ಬ್ಯಾಂಡುಗಳನ್ನು ಆರ್‌ಟಿಇ ಸ್ಟುಡಿಯೋಗೇ ಕರೆದು ರೆಕಾರ್ಡ್ ಮಾಡಿ ದೇಶಕ್ಕೆಲ್ಲ ಕೇಳಿಸಿದರು. ಅವನ್ನು ಇವತ್ತಿಗೂ ಜನ ಫ್ಯಾನಿಂಗ್ ಸೆಷನ್ಸ್ ಅಂತ ಕರೆಯುತ್ತಾರೆ. ಒಂದು ಬ್ಯಾಂಡಿಗೆ ಹಾಡು ಪ್ರಸಾರವಾಗಿದ್ದು ಒಂದು ಲಾಭ. ಒಳ್ಳೆಯ ಸ್ಟುಡಿಯೋದಲ್ಲಿ, ಕೆಲಸ ಗೊತ್ತಿರುವ ಎಂಜಿನಿಯರ್ ಜೊತೆ ಒಂದು ದಿನ ಕಳೆದದ್ದು ಅದಕ್ಕಿಂತ ದೊಡ್ಡ ಲಾಭ.

ಅದೇ ವರ್ಷದ ಒಂದು ಸಂಗತಿ ನನಗೆ ತುಂಬ ಇಷ್ಟ. ಆಗಿನ್ನೂ ಹೊರಗೆ ಯಾರಿಗೂ ಗೊತ್ತಿಲ್ಲದ ನಾಲ್ಕು ಡಬ್ಲಿನ್ ಹುಡುಗರು ತಮ್ಮ ಮೊದಲ ರೆಕಾರ್ಡ್ ತರುವುದರಲ್ಲಿದ್ದರು. ಮೂರು ಹಾಡು ರೆಡಿ ಇತ್ತು. ಯಾವುದು ಎ ಬದಿಗೆ, ಅಂದರೆ ರೆಕಾರ್ಡಿನ ಮುಖ್ಯ ಬದಿಗೆ ಬರಬೇಕು? ಫ್ಯಾನಿಂಗ್ ಮೂರನ್ನೂ ತಮ್ಮ ಕಾರ್ಯಕ್ರಮದಲ್ಲಿ ಹಾಕಿ ಕೇಳುಗರಿಗೇ ಆರಿಸಲು ಬಿಟ್ಟರು. ಕೇಳುಗರು ಆರಿಸಿದ ಹಾಡೇ ಎ ಬದಿಯಾಗಿ ಸೆಪ್ಟೆಂಬರ್‌ನಲ್ಲಿ ರೆಕಾರ್ಡ್ ಬಂತು. ಐರ್ಲೆಂಡಿನಲ್ಲಿ ಮಾತ್ರ ಬಿಡುಗಡೆ. 12 ಇಂಚಿನ 1,000 ಪ್ರತಿ, ಒಂದೊಂದಕ್ಕೂ ನಂಬರ್ ಹಾಕಿದ್ದರು. ಆ ಹುಡುಗರೇ ಯು2. ಪ್ರಪಂಚಕ್ಕೆಲ್ಲ ದೊಡ್ಡವರಾದ ಮೇಲೂ ಅವರು ಹೊಸ ಹಾಡು ಬಂದರೆ ಮೊದಲು ಕೊಡುತ್ತಿದ್ದದ್ದು ಫ್ಯಾನಿಂಗ್‌ಗೆ. ಯು2 ದೊಡ್ಡವರಾದರು ಅಂತ ನಾನು ಈ ಕಥೆ ಹೇಳುತ್ತಿಲ್ಲ ಸರ್. ಆ ಕಾರ್ಯಕ್ರಮದಲ್ಲಿ ಹಾಡಿ ಆಮೇಲೆ ಕಾಣೆಯಾದ ಬ್ಯಾಂಡುಗಳು ಎಷ್ಟೋ. ಅವರಿಗೂ ಅದೇ ಮರ್ಯಾದೆ ಸಿಕ್ಕಿತ್ತು. ಗೆದ್ದ ಮೇಲೆ ಹಾಡು ಹಾಕುವವರು ಎಲ್ಲ ಕಡೆ ಸಿಗುತ್ತಾರೆ. ಗೆಲ್ಲುತ್ತಾರೋ ಇಲ್ಲವೋ ಗೊತ್ತಿಲ್ಲದಾಗ ಹಾಕುವವರು ಬೇಕು. ನಿಮ್ಮ ಮಗಳು ಮಾಡಲು ಹೊರಟಿರುವುದು ಅದನ್ನೇ.

ಇನ್ನು ನಿಮ್ಮ ಸ್ನೇಹಿತರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಸತ್ಯ ಇದೆ. ಜನ ಕೇಳಿದ ಹಾಡನ್ನೇ ಮತ್ತೆ ಕೇಳುತ್ತಾರೆ. ಕೇಳಿ ಕೇಳಿಯೇ ಅದು ಇಷ್ಟವಾಗಿರುತ್ತದೆ. ಹಾಗಾಗಿ ಹೊಸ ಹಾಡನ್ನು ಒಂದು ಸಲ ಹಾಕಿ ಬಿಟ್ಟರೆ ಏನೂ ಆಗುವುದಿಲ್ಲ. ಮುಂದಿನ ವಾರವೂ ಹಾಕಬೇಕು, ಅದರ ಮುಂದಿನ ವಾರವೂ. ಗಾಲ್ವೇಯವರೇ ಆದ ನ್ಯೂಡ್ಯಾಡ್ ಬ್ಯಾಂಡ್ ಇದೆ, 2024ರಲ್ಲಿ ಮೊದಲ ಆಲ್ಬಂ ತಂದರು. ನಿಮ್ಮ ಪಕ್ಕದ ಟ್ಯೂಅಮ್‌ನ ಸಾ ಡಾಕ್ಟರ್ಸ್ ಅಂದರೆ ಅಲ್ಲಿನ ಅಜ್ಜಿಯರಿಗೂ ಗೊತ್ತು. ಇಂಥ ಗೊತ್ತಿರುವ ಎರಡು ಹಾಡುಗಳ ನಡುವೆ ಗೊತ್ತಿಲ್ಲದ ಒಂದನ್ನು ಇಟ್ಟರೆ ಯಾರೂ ಎದ್ದು ಹೋಗುವುದಿಲ್ಲ.

ಇದರಲ್ಲಿ ದುಡ್ಡಿನ ಮಾತೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ರಾಯಲ್ಟಿ ಸಲ್ಲಬೇಕು. ಅದನ್ನು ವಸೂಲಿ ಮಾಡಿ ಹಂಚುವ ಸಂಸ್ಥೆ ಇಲ್ಲಿ ಐಎಂಆರ್‌ಒ. ಹೊರದೇಶದ ಹಾಡೇ ಹಾಕುತ್ತಿದ್ದರೆ ಆ ದುಡ್ಡು ಹೊರಗೆ ಹೋಗುತ್ತದೆ. ಇಲ್ಲಿನವರದ್ದು ಹಾಕಿದರೆ ಒಂದಿಷ್ಟು ಇಲ್ಲಿನ ಹುಡುಗರ ಬಾಡಿಗೆಗೆ ಆಗುತ್ತದೆ. ಇದಕ್ಕೇ ಕೆನಡಾದಲ್ಲಿ ರೇಡಿಯೋದವರು ಇಷ್ಟು ಪಾಲು ಸ್ವದೇಶಿ ಸಂಗೀತ ಹಾಕಲೇಬೇಕು ಅನ್ನುವ ನಿಯಮವಿದೆ. ಫ್ರಾನ್ಸ್‌ನಲ್ಲೂ ಫ್ರೆಂಚ್ ಹಾಡುಗಳಿಗೆ ಅಂಥದ್ದೇ ಕಾನೂನು ಇದೆ. ಐರ್ಲೆಂಡಿನ ಹಾಡುಗಾರರು ವರ್ಷಗಟ್ಟಲೆ ಇದನ್ನೇ ಕೇಳುತ್ತಿದ್ದಾರೆ. ಅವರ ಹಾಡು ಇಂಗ್ಲಿಷಿನಲ್ಲೇ ಇರುವುದರಿಂದ ಅಮೆರಿಕ, ಇಂಗ್ಲೆಂಡ್ ಹಾಡುಗಳ ಜೊತೆ ನೇರ ಪೈಪೋಟಿ. ಫ್ರೆಂಚರಿಗೆ ಇರುವ ಭಾಷೆಯ ಬೇಲಿ ಇವರಿಗೆ ಇಲ್ಲ.

ಮೇಡಂಗೆ ಹೇಳಿ, ಚಿಂತೆ ಬೇಡ. ಡಬ್ಲಿನ್‌ನ ಗ್ರಾಫ್ಟನ್ ರಸ್ತೆಯ ಪಕ್ಕ ಹ್ಯಾರಿ ಸ್ಟ್ರೀಟ್‌ನಲ್ಲಿ ಫಿಲ್ ಲಿನೊಟ್ ಅವರ ಕಂಚಿನ ಪ್ರತಿಮೆ ಇದೆ. ಥಿನ್ ಲಿಝಿ ಬ್ಯಾಂಡಿನ ನಾಯಕ, ಕಪ್ಪು ಬಣ್ಣದ ಹುಡುಗ. ತಂದೆ ಗಯಾನಾದವರು, ಬೆಳೆದದ್ದು ಡಬ್ಲಿನ್‌ನಲ್ಲಿ. ಈ ಊರಿನವರು ಅವರನ್ನು ನಮ್ಮವರು ಅಂತಲೇ ಎದೆಗೆ ಅಪ್ಪಿಕೊಂಡರು. ಈಚಿನವರಲ್ಲಿ ಡೆನೀಸ್ ಚೈಲಾ. ಹುಟ್ಟಿದ್ದು ಝಾಂಬಿಯಾ, ಹಾಡುವುದು ಲಿಮರಿಕ್‌ನಿಂದ. ವರ್ಷದ ಅತ್ಯುತ್ತಮ ಐರಿಷ್ ಆಲ್ಬಂಗೆ ಕೊಡುವ ಚಾಯ್ಸ್ ಪ್ರಶಸ್ತಿ 2020ರ ಸಾಲಿಗೆ ಬಂದದ್ದು ಅವರಿಗೆ. ಗಾಲ್ವೇಯಲ್ಲೇ ಬೆಳೆದ ಮೈಸೂರಿನ ಹುಡುಗಿ ಗಾಲ್ವೇ ಹಾಡುಗಳ ಬಗ್ಗೆ ಮಾತಾಡಿದರೆ ಅದರಲ್ಲಿ ವಿಚಿತ್ರ ಏನಿದೆ?

ಚಾರಿಟಿ ಬಗ್ಗೆ ಆಮೇಲೆ ಬರೆಯುತ್ತೇನೆ, ಡ್ಯೂಟಿಗೆ ಹೊತ್ತಾಯಿತು.

ಲಿಮರಿಕ್_ಲಹರಿ

ಅಕ್ಕ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಸರ್, ನಿಮ್ಮ ಮಗಳ ಪಟ್ಟಿಯಲ್ಲಿ ಹುಡುಗಿಯರ ಹಾಡು ಎಷ್ಟಿದೆ ನೋಡಲು ಹೇಳಿ. 2020ರಲ್ಲಿ ಲಿಂಡಾ ಕೂಗನ್ ಬರ್ನ್ ಅನ್ನುವವರು ಇಲ್ಲಿನ ರೇಡಿಯೋಗಳು ಒಂದು ವರ್ಷ ಹಾಕಿದ ಐರಿಷ್ ಹಾಡುಗಳ ಲೆಕ್ಕ ತೆಗೆದರು. ಹಲವು ಸ್ಟೇಷನ್‌ಗಳಲ್ಲಿ ಅತಿ ಹೆಚ್ಚು ಹಾಕಿದ 20 ಹೆಸರುಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಐರಿಷ್ ಹಾಡು ಹಾಕುತ್ತೇವೆ ಅನ್ನುವವರೇ ಅರ್ಧ ಐರ್ಲೆಂಡನ್ನು ಬಿಟ್ಟುಬಿಟ್ಟಿದ್ದರು.

ಅದೇ ವರ್ಷದ ಜೂನ್ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ರೂತ್‌ಆನ್ ಕನಿಂಗ್‌ಹ್ಯಾಮ್ ಐರ್ಲೆಂಡಿನ ಗಾಯಕಿಯರನ್ನೆಲ್ಲ ಒಟ್ಟು ಸೇರಿಸಿದರು. ಐರಿಷ್ ವಿಮೆನ್ ಇನ್ ಹಾರ್ಮನಿ ಅಂತ ಹೆಸರು. ಇಮೆಲ್ಡಾ ಮೇ, ಲೀಸಾ ಹ್ಯಾನಿಗನ್, ಊನಾ ಹೀಲಿ ಥರದ ದೊಡ್ಡವರ ಪಕ್ಕದಲ್ಲೇ ಆಗಷ್ಟೇ ಶುರು ಮಾಡಿದವರೂ ಇದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲೇ ಹಾಡಿ ಕಳಿಸಿದರು. ಹಾಡಿದ್ದು ನಮ್ಮ ಲಿಮರಿಕ್‌ನ ಕ್ರ್ಯಾನ್‌ಬೆರೀಸ್ ಬ್ಯಾಂಡಿನ 'ಡ್ರೀಮ್ಸ್'. ದುಡ್ಡು ಹೋದದ್ದು ಸೇಫ್ ಐರ್ಲೆಂಡ್‌ಗೆ, ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ಬರುವ ಹೆಂಗಸರಿಗೆ. ಮನೆಯಲ್ಲೇ ಇರಿ ಅಂತ ಎಲ್ಲರಿಗೂ ಹೇಳುತ್ತಿದ್ದ ಹೊತ್ತಿನಲ್ಲಿ ಮನೆಯೇ ಅಪಾಯವಾಗಿರುವವರನ್ನು ನೆನೆದರಲ್ಲ, ಅದು ದೊಡ್ಡದು. ಸ್ವಂತ ಊರಿನ ಸಂಗೀತ, ಚಾರಿಟಿ ಎರಡೂ ಒಂದೇ ಕಡೆ ಸೇರಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಲೀ_ನದಿ_ದಂಡೆ

ನಾನು ಕಾರ್ಕ್‌ನಲ್ಲಿದ್ದೇನೆ. ಸಂಗೀತದ ಮಾತೆಲ್ಲ ಸರಿ. ಚಾರಿಟಿ ಬಗ್ಗೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಮನೆ ಕೊಡಬೇಕಾದದ್ದು ಸರ್ಕಾರ, ಅದಕ್ಕೇ ನಾವು ಟ್ಯಾಕ್ಸ್ ಕಟ್ಟುತ್ತೇವೆ. ಹುಡುಗರು ಹಾಡು ಹಾಕಿ ಡಬ್ಬಿ ಹಿಡಿದು ನಿಂತರೆ ಸರ್ಕಾರಕ್ಕೆ ಆರಾಮ. ನೋಡಿ, ಜನರೇ ನೋಡಿಕೊಳ್ಳುತ್ತಿದ್ದಾರೆ ಅಂತ ಕೈ ತೊಳೆದುಕೊಳ್ಳುತ್ತಾರೆ.

ಇಷ್ಟು ಹೇಳಿದರೂ ಮಾಡುವುದಾದರೆ ಸರಿಯಾಗಿ ಮಾಡಲಿ ಅಂತ ಕೆಲವು ವಿಷಯ ಹೇಳುತ್ತೇನೆ. ಕಮ್ಯೂನಿಟಿ ರೇಡಿಯೋದಲ್ಲಿ ಸ್ವಲ್ಪ ಕಾಲ ಕೈಜೋಡಿಸಿದ್ದೇನೆ. ಬೀದಿಯಲ್ಲಿ ಡಬ್ಬಿ ಹಿಡಿದು ದುಡ್ಡು ಎತ್ತುವುದಾದರೆ ಗಾರ್ಡಾದವರ, ಅಂದರೆ ಇಲ್ಲಿನ ಪೊಲೀಸರ ಪರ್ಮಿಟ್ ಬೇಕು, 1962ರಿಂದ ಇರುವ ಕಾನೂನು. ಯಾವ ಸಂಸ್ಥೆಗೆ ಕೊಡುತ್ತೀರೋ ಅದಕ್ಕೆ ಚಾರಿಟೀಸ್ ರೆಗ್ಯುಲೇಟರ್ ಕೊಟ್ಟ ನೋಂದಣಿ ನಂಬರ್ ಇರಬೇಕು. ಅವರ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ. ದುಡ್ಡು ಮಗಳ ಸ್ವಂತ ಅಕೌಂಟಿಗೆ ಒಂದು ಯೂರೋ ಕೂಡ ಬರಬಾರದು. ಸಂಸ್ಥೆಯ ಲಿಂಕ್ ಕೊಟ್ಟುಬಿಡಿ, ಕೇಳುಗರು ನೇರ ಹಾಕಲಿ. ಸ್ಟೇಷನ್ ಮ್ಯಾನೇಜರ್‌ಗೆ ಮುಂಚೆಯೇ ಬರೆದು ತಿಳಿಸಿ. ಹಾಕಿದ ಹಾಡುಗಳ ಪಟ್ಟಿಯನ್ನು ತಪ್ಪದೆ ಬರೆದಿಡಲಿ, ಬರೆದವರ ಹೆಸರಿನ ಸಮೇತ. ಮೇಲೆ ಹೇಳಿದ ರಾಯಲ್ಟಿ ಸರಿಯಾದವರಿಗೆ ತಲುಪಲು ಪಟ್ಟಿ ಸರಿ ಇರಬೇಕು.

ರಾತ್ರಿಪಾಳಿ_ಡಬ್ಲಿನ್

ಲೀ_ನದಿಯವರೇ, ನೀವು ಹೇಳಿದ ಮಾತಿನ ಮೇಲೇ ಈ ದೇಶದಲ್ಲಿ ಒಂದು ದೊಡ್ಡ ಜಗಳ ನಡೆದಿದೆ. ಅದನ್ನು ಹೇಳಲೇಬೇಕು.

1985ರ ಜುಲೈ 13ರಂದು ಲೈವ್ ಏಡ್ ಅನ್ನುವ ದೊಡ್ಡ ಸಂಗೀತ ಕಾರ್ಯಕ್ರಮ ಆಯಿತಲ್ಲ, ಇಥಿಯೋಪಿಯಾದ ಬರಗಾಲಕ್ಕೆ ದುಡ್ಡು ಸೇರಿಸಲು. ಮಾಡಿಸಿದವರಲ್ಲಿ ಮುಂದೆ ನಿಂತದ್ದು ಬಾಬ್ ಗೆಲ್ಡಾಫ್, ನಾನು ಮೇಲೆ ಹೇಳಿದ ಬೂಮ್‌ಟೌನ್ ರ‍್ಯಾಟ್ಸ್ ಗಾಯಕ. ಆಗ ಐರ್ಲೆಂಡಿನ ಜನಸಂಖ್ಯೆ ಸುಮಾರು 35 ಲಕ್ಷ. ತಾವೇ ಕಷ್ಟದಲ್ಲಿದ್ದರು. ಆದರೂ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಪ್ರಪಂಚದಲ್ಲೇ ಜಾಸ್ತಿ ಕೊಟ್ಟದ್ದು ಇವರು. ಹಸಿವಿನ ಕಾಲ ಇವರ ನೆನಪಿನಲ್ಲಿ ಇನ್ನೂ ಇದೆ, 1840ರ ದಶಕದ ಬರಗಾಲವನ್ನು ಯಾವ ಮನೆಯೂ ಮರೆತಿಲ್ಲ.

ಮರುವರ್ಷ ಮೇ 17ಕ್ಕೆ ಆರ್‌ಟಿಇ ಡಬ್ಲಿನ್‌ನ ಆರ್‌ಡಿಎಸ್ ಮೈದಾನದಲ್ಲಿ ಸೆಲ್ಫ್ ಏಡ್ ನಡೆಸಿತು. ಈ ಸಲ ಸ್ವಂತ ದೇಶಕ್ಕೇ. ದುಡಿಯುವವರಲ್ಲಿ ಆರರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ, ಹುಡುಗರು ಹಡಗು ಹತ್ತಿ ಹೋಗುತ್ತಿದ್ದರು. ಸುಮಾರು 14 ಗಂಟೆ ನೇರ ಪ್ರಸಾರ. ಯು2, ವ್ಯಾನ್ ಮಾರಿಸನ್, ಕ್ರಿಸ್ಟಿ ಮೂರ್, ರೋರಿ ಗ್ಯಾಲಗರ್ ಎಲ್ಲರೂ ಹಾಡಿದರು. ದುಡ್ಡಿನ ಜೊತೆ ಕೆಲಸವನ್ನೂ ಕೇಳಿದರು. ಕಂಪನಿಗಳು ಫೋನ್ ಮಾಡಿ ನಾವು ಇಷ್ಟು ಜನರನ್ನು ತೆಗೆದುಕೊಳ್ಳುತ್ತೇವೆ ಅಂತ ಹೇಳಬೇಕು. 1,300ಕ್ಕೂ ಜಾಸ್ತಿ ಕೆಲಸಗಳ ಭರವಸೆ ಬಂತು. ಆದರೆ ಮುಂಚಿನಿಂದಲೇ ಡಬ್ಲಿನ್‌ನಲ್ಲಿ ಟೀಕೆ ಶುರುವಾಗಿತ್ತು. ಕೆಲಸ ಕೊಡುವುದು ಸರ್ಕಾರದ ಹೊಣೆ, ಹಾಡುಗಾರರು ಅದನ್ನು ಮೈಮೇಲೆ ಎಳೆದುಕೊಂಡು ಸರ್ಕಾರವನ್ನು ಬಚಾವ್ ಮಾಡುತ್ತಿದ್ದಾರೆ ಅಂತ. ಲಕ್ಷಗಟ್ಟಲೆ ಜನ ಕೆಲಸ ಇಲ್ಲದೆ ಕೂತಿರುವಾಗ 1,300 ಏನು ಅನ್ನುವ ಪ್ರಶ್ನೆಯೂ ನ್ಯಾಯವಾದದ್ದೇ.

ನಾನು ಆ ಟೀಕೆಯನ್ನು ತಳ್ಳಿಹಾಕುವುದಿಲ್ಲ. ಆದರೆ ನನ್ನ ಕೆಲಸ ನನಗೆ ಬೇರೆ ಏನೋ ತೋರಿಸಿದೆ. ಚಳಿಗಾಲದ ರಾತ್ರಿ ಎಮರ್ಜೆನ್ಸಿಗೆ ಬೀದಿಯಲ್ಲಿ ಮಲಗಿದವರು ಬರುತ್ತಾರೆ. ಒದ್ದೆ ಸಾಕ್ಸ್ ತೆಗೆದರೆ ಕಾಲಿನ ಚರ್ಮ ಅದರ ಜೊತೆಗೇ ಬರುತ್ತದೆ. ಗಾಯ ತೊಳೆದು, ಬ್ಯಾಂಡೇಜ್ ಹಾಕಿ, ಬೆಳಿಗ್ಗೆ ಅದೇ ಬೀದಿಗೆ ಕಳಿಸಬೇಕು. ಮುಂದಿನ ಬಜೆಟ್‌ನಲ್ಲಿ ಮನೆ ಕಟ್ಟುತ್ತಾರೆ ಅಂತ ಅವರಿಗೆ ಹೇಳಲಿಕ್ಕಾಗುತ್ತದಾ? ಒಣಗಿದ ಸಾಕ್ಸ್ ಇವತ್ತೇ ಬೇಕು. ಮಲಗಲು ಜಾಗ ಇವತ್ತೇ ಬೇಕು. ಅದಕ್ಕೆ ದುಡ್ಡು ಕೊಟ್ಟವರು ಸರ್ಕಾರವನ್ನು ಕೇಳಬಾರದು ಅಂತ ಎಲ್ಲೂ ಇಲ್ಲ.

ಎರಡನ್ನೂ ಒಟ್ಟಿಗೆ ಮಾಡಿದವರೂ ಇದ್ದಾರೆ. ಕ್ರಿಸ್‌ಮಸ್ ಹಿಂದಿನ ಸಂಜೆ ಗ್ರಾಫ್ಟನ್ ರಸ್ತೆಯ ಸುತ್ತಮುತ್ತ ಹಾಡುಗಾರ ಗ್ಲೆನ್ ಹ್ಯಾನ್ಸರ್ಡ್ ಮತ್ತು ಗೆಳೆಯರು ಬೀದಿಯಲ್ಲೇ ನಿಂತು ಹಾಡಿ ಮನೆ ಇಲ್ಲದವರಿಗೆ ದುಡ್ಡು ಸೇರಿಸುತ್ತಾರೆ. 2016ರ ಡಿಸೆಂಬರ್‌ನಲ್ಲಿ ಅದೇ ಹ್ಯಾನ್ಸರ್ಡ್, ಡೇಮಿಯನ್ ಡೆಂಪ್ಸಿ, ಹೋಝಿಯರ್ ಎಲ್ಲ ಅಪೊಲೋ ಹೌಸ್ ಹೋರಾಟದ ಜೊತೆ ನಿಂತರು. ಡಬ್ಲಿನ್ ನಡುಮಧ್ಯೆ ಖಾಲಿ ಬಿದ್ದಿದ್ದ ಆಫೀಸ್ ಕಟ್ಟಡ ಅದು. ಕಾರ್ಯಕರ್ತರು ಒಳಗೆ ಹೋಗಿ ಮನೆ ಇಲ್ಲದವರಿಗೆ ಹಾಸಿಗೆ ಹಾಕಿಕೊಟ್ಟರು. ಜನವರಿಯಲ್ಲಿ ಕೋರ್ಟ್ ಆದೇಶದಂತೆ ಬಿಡಬೇಕಾಯಿತು. ಆದರೆ ಆ ಕ್ರಿಸ್‌ಮಸ್ ಪೂರ್ತಿ ದೇಶದ ರೇಡಿಯೋಗಳಲ್ಲಿ ಅದೇ ಮಾತು.

ಸರ್, ರೇಡಿಯೋದವರೇ ಮಾಡಿದ ಒಂದು ಒಳ್ಳೆಯ ಮಾದರಿಯೂ ಇದೆ. 2003ರಲ್ಲಿ ಟುಡೇ ಎಫ್‌ಎಂನಲ್ಲಿ ರೇ ಡಾರ್ಸಿ ಅವರ ಬೆಳಗಿನ ಕಾರ್ಯಕ್ರಮಕ್ಕೆ ಐರಿಷ್ ಹಾಡುಗಾರರು ಬಂದು ಬೇರೆಯವರ ಜನಪ್ರಿಯ ಹಾಡನ್ನು ತಮ್ಮ ರೀತಿಯಲ್ಲಿ ಹಾಡಿದ್ದನ್ನೆಲ್ಲ ಸೇರಿಸಿ ಆಲ್ಬಂ ಮಾಡಿದರು. ಮಾರಾಟದ ದುಡ್ಡು ಮಕ್ಕಳ ಆಸ್ಪತ್ರೆಗೆ. ನಮ್ಮ ವಾರ್ಡಿನ ಹುಡುಗಿಯರೆಲ್ಲ ಆ ಸಿಡಿ ಕೊಂಡುಕೊಂಡಿದ್ದೆವು. ಗೊತ್ತಿರುವ ಹಾಡು, ಗೊತ್ತಿಲ್ಲದ ದನಿ. ನಿಮ್ಮ ಸ್ನೇಹಿತರು ಹೇಳಿದ ತೊಂದರೆಗೆ ಅದರಲ್ಲೇ ಒಂದು ದಾರಿ ಇದೆ, ಅಲ್ವಾ?

ಗಾಲ್ವೇ_ಅಪ್ಪ

ಅಕ್ಕ, ಎಲ್ಲವನ್ನೂ ಓದಿ ಹೇಳಿದೆ. ಸಾಕ್ಸ್ ವಿಷಯ ಬಂದಾಗ ಅವಳು ಮಾತಾಡಲಿಲ್ಲ, ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಲೀ_ನದಿಯವರು ಹೇಳಿದ ಹಾಗೆ ದುಡ್ಡು ನೇರ ಸಂಸ್ಥೆಗೇ ಹೋಗಲಿ ಅಂತ ತೀರ್ಮಾನ ಆಗಿದೆ. ಇಲ್ಲೇ ಊರಿನಲ್ಲಿ ಕೋಪ್ ಗಾಲ್ವೇ ಇದೆ, ಮನೆ ಇಲ್ಲದವರಿಗೂ ಮನೆಯಲ್ಲಿ ಹಿಂಸೆ ಅನುಭವಿಸಿದವರಿಗೂ ನೆರವಾಗುತ್ತಾರೆ. ಅವರಿಗೆ ಇವತ್ತು ಮೇಲ್ ಬರೆದಳು. ಲಿಮರಿಕ್‌ನವರೇ, ಅವಳ ಪಟ್ಟಿಯಲ್ಲಿ ಹುಡುಗಿಯರು ಅರ್ಧಕ್ಕಿಂತ ಜಾಸ್ತಿ ಇದ್ದಾರಂತೆ, ಹೇಳಿ ಅಂದಳು.

ಅವಳದ್ದೊಂದು ಪ್ರಶ್ನೆ. ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ದುಡ್ಡಿನ ಮಾತು ಪದೇ ಪದೇ ಹೇಳಿದರೆ ಕೇಳುವವರಿಗೆ ಬೇಸರ ಆಗುವುದಿಲ್ಲವಾ?

ರಾತ್ರಿಪಾಳಿ_ಡಬ್ಲಿನ್

ಆಗುತ್ತದೆ ಪುಟ್ಟಿ, ಸುಮ್ನೆ "ದುಡ್ಡು ಕೊಡಿ" ಅಂತ ಹೇಳುತ್ತಿದ್ದರೆ. ಆ ಸಂಸ್ಥೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ಸ್ಟುಡಿಯೋಗೆ ಕರಿ. ನಿನ್ನೆ ರಾತ್ರಿ ಏನು ಮಾಡಿದಿರಿ, ಯಾವ ಸಾಮಾನು ಖಾಲಿಯಾಗಿತ್ತು ಅಂತ ಕೇಳು. ಅವರು ಹೇಳಲಿ, ನೀನು ನಡುವೆ ಬಾಯಿ ಹಾಕಬೇಡ. ಆಮೇಲೆ ಲಿಂಕ್ ಒಂದು ಸಲ ನಿಧಾನವಾಗಿ ಹೇಳಿ ಹಾಡು ಹಾಕು. ಗಂಟೆಗೆ ಮೂರು ಸಲ ಸಾಕು. ಯಾರ ಹೆಸರನ್ನೂ, ಯಾವ ಮೂಲೆಯಲ್ಲಿ ಮಲಗುತ್ತಾರೆ ಅನ್ನುವುದನ್ನೂ ಹೇಳಿಸಬೇಡ. ಕಷ್ಟದಲ್ಲಿದ್ದವರಿಗೂ ಮರ್ಯಾದೆ ಇದೆ.

ಊರಿನದೇ ಒಂದು ಹೊಸ ಬ್ಯಾಂಡನ್ನು ಸ್ಟುಡಿಯೋಗೆ ಕರೆದು ಮೂರು ಹಾಡು ಹಾಡಿಸು. ಯಾವುದು ಚೆನ್ನಾಗಿದೆ ಅಂತ ಕೇಳುಗರೇ ಮೆಸೇಜ್ ಮಾಡಲಿ. ಗೆದ್ದ ಹಾಡನ್ನು ಜನವರಿಯಲ್ಲಿ ಪ್ರತಿ ವಾರ ಹಾಕು. ಹಾಡಿನ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಅವರ ಹೆಸರು ಹೇಳು. ಕಾರಿನಲ್ಲಿ ಹೋಗುವವರು ಹಾಡು ಇಷ್ಟಪಟ್ಟು ಹೆಸರು ಸಿಗದೆ ಪೇಚಾಡುತ್ತಾರೆ, ನನಗೆ ಎಷ್ಟೋ ಸಲ ಹಾಗಾಗಿದೆ.

ಸರ್, ಯಾವ ವಾರ, ಎಷ್ಟು ಗಂಟೆಗೆ ಅಂತ ಇಲ್ಲೇ ಹಾಕಿ. ಸ್ಟೇಷನ್ ಇಂಟರ್‌ನೆಟ್‌ನಲ್ಲೂ ಬರುತ್ತದಲ್ಲ, ಇಲ್ಲಿಂದಲೇ ಕೇಳುತ್ತೇನೆ. ವಾರ್ಡಿನಲ್ಲಿ ಇನ್ನೂ ನಾಲ್ಕು ಜನರಿಗೆ ಹೇಳಿದ್ದೇನೆ.